ಧನುರ್ವಾಯುವಿನ ಕತ್ತರಿ

ಧನುರ್ವಾಯು ಎಂಬ ಹೆಸರಿಟ್ಟವರು ರೋಗಿಯನ್ನು ಹತ್ತಿರದಿಂದ ಕಂಡವರೇ ಇರಬೇಕು. ದವಡೆ ಕಚ್ಚಿಕೊಂಡು, ಬೆನ್ನು ಬಿಲ್ಲಿನಂತೆ ಬಾಗುವ ಯಾತನೆಯೆಲ್ಲ ಆ ಒಂದು ಮಾತಿನಲ್ಲಿದೆ. ಚಿಕ್ಕಂದಿನಲ್ಲಿ ಮೊಳೆ ತುಳಿದಾಗಲೆಲ್ಲ ಈ ಹೆಸರು ಹೇಳಿಯೇ ನನ್ನನ್ನು ಚುಚ್ಚುಮದ್ದಿಗೆ ಎಳೆದೊಯ್ಯುತ್ತಿದ್ದರು. ಮಿದುಳಿನ ಗುಟ್ಟೊಂದನ್ನು ಬಿಡಿಸಲು ನೆರವಾದದ್ದೂ ಇದೇ ರೋಗದ ವಿಷವೆಂಬುದು ನನಗೆ ತಿಳಿದದ್ದು ಬಹಳ ಕಾಲದ ಮೇಲೆ.

ನರಮಂಡಲವೆಲ್ಲ ಎಡೆಯಿಲ್ಲದೆ ಹೆಣೆದ ಒಂದೇ ಬಲೆಯೆಂದು ಇಟಲಿಯ ಗಾಲ್ಜಿ ನಂಬಿದ್ದರು. ಅಲ್ಲ, ಅವು ಬಿಡಿಬಿಡಿ ಕೋಶಗಳೆಂದು ಸ್ಪೇನಿನ ಕಹಾಲ್ ವಾದಿಸಿದರು. 1906ರ ನೊಬೆಲ್ ಬಹುಮಾನವನ್ನು ಹಂಚಿಕೊಂಡಾಗಲೂ ಇಬ್ಬರೂ ಪಟ್ಟು ಸಡಿಲಿಸಲಿಲ್ಲ. ಕಹಾಲರ ಮಾತೇ ನಿಜವಾಯಿತು. ಕೋಶಕ್ಕೆ ಕೋಶ ಸಂಧಿಸುವ ಎಡೆಗೆ 1897ರಲ್ಲಿ ‘ಸಿನಾಪ್ಸ್’ ಎಂದು ಹೆಸರಿಟ್ಟವರು ಇಂಗ್ಲೆಂಡಿನ ಶೆರಿಂಗ್ಟನ್.

ಧನುರ್ವಾಯುವಿನ ವಿಷವನ್ನು ಪರೀಕ್ಷಿಸಿದವರಲ್ಲಿ ಅವರೂ ಒಬ್ಬರು. ಒಂದು ಸ್ನಾಯು ಬಿಗಿಯುವಾಗ ಅದರ ಎದುರಾಳಿ ಸ್ನಾಯು ಸಡಿಲಗೊಳ್ಳಬೇಕು. ವಿಷವೇರಿದಾಗ ಅದೂ ಬಿಗಿಯುವುದೆಂದು 1905ರಲ್ಲಿ ಅವರು ತೋರಿಸಿದರು. ‘ತಡೆ’ ಎಂಬ ಅಪ್ಪಣೆ ನಡುವೆ ಎಲ್ಲೋ ಕಳೆದುಹೋಗುತ್ತಿತ್ತು. ಹೇಗೆಂದು ತಿಳಿಯುವ ಸಾಧನ ಆಗ ಇರಲಿಲ್ಲ.

1950ರ ದಶಕದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವು ಸಿನಾಪ್ಸಿನ ಎಡೆಯನ್ನು ಕಣ್ಣಿಗೆ ಕಾಣಿಸಿತು. ಅದರ ಅಗಲ ಮಿಲಿಮೀಟರಿನ ಲಕ್ಷ ಪಾಲಿನಲ್ಲಿ ಎರಡು ಪಾಲಿನಷ್ಟು. ಈಚೆ ದಡದಲ್ಲಿ ರಾಸಾಯನಿಕ ತುಂಬಿದ ಪುಟ್ಟ ಚೀಲಗಳು. ಚೀಲವು ಕೋಶದ ಪೊರೆಗೆ ಬೆಸೆದು ಬಾಯ್ದೆರೆದರೆ ಸಂದೇಶ ಆಚೆ ದಡಕ್ಕೆ ದಾಟುತ್ತದೆ. ಆದರೆ ಬೆಸೆಯುವವರು ಯಾರು? ಚೀಲದ ಮೇಲೆ ಸಿನಾಪ್ಟೋಬ್ರೆವಿನ್ ಎಂಬ ಪ್ರೋಟೀನು 1980ರ ದಶಕದ ಕೊನೆಯಲ್ಲಿ ಸಿಕ್ಕಿತು. ಅದರ ಕಸುಬು ಮಾತ್ರ ಸ್ಪಷ್ಟವಾಗಿರಲಿಲ್ಲ.

1992ರಲ್ಲಿ ಇಟಲಿಯ ಪಾದುವಾದ ಮಾಂಟೆಕುಕ್ಕೊ ಮತ್ತು ಸಂಗಡಿಗರು ಉತ್ತರ ಕೊಟ್ಟರು: ಧನುರ್ವಾಯುವಿನ ವಿಷ ಕತ್ತರಿಯಂತೆ ಈ ಪ್ರೋಟೀನನ್ನೇ, ಒಂದು ಗೊತ್ತಾದ ಜಾಗದಲ್ಲಿ, ಕತ್ತರಿಸುತ್ತದೆ. ಕತ್ತರಿಸಿದೊಡನೆ ಸಂದೇಶ ನಿಲ್ಲುವುದಾದರೆ, ದಾಟಿಸಲು ಬೇಕಾದದ್ದು ಅದೇ ಅಲ್ಲವೆ! ಮರುವರ್ಷ ನ್ಯೂಯಾರ್ಕಿನ ರಾತ್‌ಮನ್ ಅವರ ತಂಡ ದನದ ಮಿದುಳಿನಿಂದ ಈ ಪ್ರೋಟೀನನ್ನೂ ಕೋಶದ ಪೊರೆಯಲ್ಲಿರುವ ಅದರ ಜೊತೆಗಾರರನ್ನೂ ಒಟ್ಟಿಗೆ ಬೇರ್ಪಡಿಸಿತು. ಹಗ್ಗದ ಎಳೆಗಳು ಹುರಿಗೊಳ್ಳುವಂತೆ ಇವು ಹೆಣೆದುಕೊಂಡು ಚೀಲವನ್ನು ಪೊರೆಗೆ ಎಳೆದು ಬೆಸೆಯುತ್ತವೆ. ಈ ಬಗೆಯ ಸಾಗಣೆಯ ಸಂಶೋಧನೆಗೆ 2013ರಲ್ಲಿ ರಾತ್‌ಮನ್, ಶೆಕ್ಮನ್, ಸ್ಯೂಡಾಫ್ ಮೂವರಿಗೂ ನೊಬೆಲ್ ಬಂತು.

ಬೆನ್ನುಹುರಿಯಲ್ಲಿ ತಡೆಯ ಅಪ್ಪಣೆ ಹೊರಡಿಸುವ ಕೋಶಗಳನ್ನೇ ವಿಷ ಹೊಕ್ಕು ಕತ್ತರಿಯಾಡಿಸುತ್ತದೆ. ಬಿಲ್ಲು ಬಾಗುವುದು ಆಗ. ನಮ್ಮ ದೇಶದಲ್ಲಿ ಹಸುಗೂಸುಗಳ ಧನುರ್ವಾಯುವನ್ನು ಹಿಮ್ಮೆಟ್ಟಿಸಿದ್ದು ಈ ಜ್ಞಾನವಲ್ಲ, ತಾಯಂದಿರಿಗೆ ಹಾಕಿದ ಲಸಿಕೆ ಮತ್ತು ಹೊಕ್ಕುಳಬಳ್ಳಿಗೆ ಬಳಸಿದ ಶುಚಿಯಾದ ಅಲಗು. ತಡೆಯಲು ಅಷ್ಟು ಸಾಕಾಯಿತು. ಅರಿಯಲು ಮಾತ್ರ 87 ವರ್ಷ ಬೇಕಾದವು. ಪ್ರಶ್ನೆಯ ಹೊಸ್ತಿಲಲ್ಲಿ ನಿಂತಿದ್ದ ಶೆರಿಂಗ್ಟನ್ 1952ರಲ್ಲೇ ತೀರಿಕೊಂಡಿದ್ದರು.