ಮನೆಬಳಕೆಯ ಬ್ಯಾಟರಿಗಳಲ್ಲಿನ ವಿಷಕಾರಿ ಲೋಹಗಳ ಪ್ರಯೋಗಾಲಯ ಪರೀಕ್ಷೆ – ಉಡುಪಿ ಜಿಲ್ಲೆಯ ಸಾರ್ವಜನಿಕರಿಗೆ ಮಾಹಿತಿ

ಟಾರ್ಚ್, ಗೋಡೆ ಗಡಿಯಾರ, ರಿಮೋಟ್ ಹಾಗೂ ಮಕ್ಕಳ ಆಟಿಕೆಗಳಲ್ಲಿ ಬಳಸಿ ಮುಗಿದ ಬ್ಯಾಟರಿಗಳಲ್ಲಿ ಸೀಸ, ಕ್ಯಾಡ್ಮಿಯಂ ಮತ್ತು ಪಾದರಸ ಇರುವ ಸಂಭವವಿರುತ್ತದೆ. ಉಡುಪಿ, ಮಣಿಪಾಲ, ಕಾಪು ಮತ್ತು ಕಾರ್ಕಳ ಭಾಗದ ಅನೇಕ ಮನೆಗಳು ತೆರೆದ ಬಾವಿಯ ನೀರನ್ನು ಅವಲಂಬಿಸಿವೆ. ಇಲ್ಲಿನ ಮುರಕಲ್ಲಿನ ನೆಲ ರಂಧ್ರಮಯವಾಗಿದ್ದು, ಮಳೆಗಾಲದ ನೀರು ಶೀಘ್ರವಾಗಿ ಇಂಗಿ ಬಾವಿಯನ್ನು ಸೇರುತ್ತದೆ. ತೆಂಗಿನ ಬುಡದಲ್ಲಿ ಹೂತ ಬ್ಯಾಟರಿಯ ಹೊರಕವಚ ತುಕ್ಕು ಹಿಡಿದ ನಂತರ ಅದರೊಳಗಿನ ಲೋಹವೂ ಇದೇ ಮಾರ್ಗವನ್ನು ಹಿಡಿಯಬಹುದು.

ಕಾನೂನಿನ ಮಿತಿ

2001ರ ಬ್ಯಾಟರಿ ನಿಯಮಗಳು ಸೀಸ-ಆಮ್ಲ ಬ್ಯಾಟರಿಗಳಿಗೆ ಮಾತ್ರ ಅನ್ವಯಿಸುತ್ತಿದ್ದವು. ಸಣ್ಣ ಸೆಲ್‌ಗಳು ಅವುಗಳ ವ್ಯಾಪ್ತಿಗೆ ಬರುತ್ತಿರಲಿಲ್ಲ. ಕೇಂದ್ರ ಸರ್ಕಾರವು ಆಗಸ್ಟ್ 2022ರಲ್ಲಿ ಹೊರಡಿಸಿದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಎಲ್ಲ ಬಗೆಯ ಬ್ಯಾಟರಿಗಳನ್ನು ಒಳಗೊಂಡಿವೆ. ಇವುಗಳನ್ವಯ ತೂಕದ ಪ್ರಕಾರ ಪಾದರಸವು ಶೇ. 0.0005ನ್ನು, ಸಣ್ಣ ಬ್ಯಾಟರಿಗಳಲ್ಲಿ ಕ್ಯಾಡ್ಮಿಯಂ ಶೇ. 0.002ನ್ನು, ಅಂದರೆ ಕಿಲೋಗ್ರಾಂಗೆ ಕ್ರಮವಾಗಿ 5 ಮತ್ತು 20 ಮಿಲಿಗ್ರಾಂಗಳನ್ನು ಮೀರುವಂತಿಲ್ಲ.

ಪರೀಕ್ಷಾ ವಿಧಾನ

ಮೊದಲು ಇಡೀ ಸೆಲ್‌ನ ತೂಕವನ್ನು ದಾಖಲಿಸಲಾಗುತ್ತದೆ. ಅನಂತರ ಅದನ್ನು ಕತ್ತರಿಸಿ ಸತುವಿನ ಡಬ್ಬಿ, ಕಪ್ಪು ಪುಡಿ, ಇಂಗಾಲದ ಕಡ್ಡಿ ಹಾಗೂ ಹೊರಕವಚಗಳನ್ನು ಬೇರ್ಪಡಿಸಿ ಪ್ರತ್ಯೇಕವಾಗಿ ತೂಗಲಾಗುತ್ತದೆ. ಪ್ರತಿ ಭಾಗದ ಸ್ವಲ್ಪ ಅಂಶವನ್ನು ನೈಟ್ರಿಕ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲಗಳಲ್ಲಿ ಕಾಯಿಸಿ ಕರಗಿಸಲಾಗುತ್ತದೆ. ಇಂಗಾಲ ಕರಗುವುದಿಲ್ಲ; ಸೋಸುಕಾಗದದ ಮೇಲೆ ಉಳಿಯುತ್ತದೆ. ಸೋಸಿದ ದ್ರಾವಣವನ್ನು ಪರಮಾಣು ಹೀರಿಕೆ ರೋಹಿತಮಾಪಕದಲ್ಲಿ ಅಳೆಯಲಾಗುತ್ತದೆ. ಕ್ಯಾಡ್ಮಿಯಂ 228.8 ನ್ಯಾನೊಮೀಟರ್ ಮತ್ತು ಸೀಸ 283.3 ನ್ಯಾನೊಮೀಟರ್ ಅಲೆಯುದ್ದದ ಬೆಳಕನ್ನು ಹೀರುತ್ತವೆ. ಪಾದರಸವು ಬಿಸಿಗೆ ಆವಿಯಾಗಿ ತಪ್ಪಿಹೋಗುವುದರಿಂದ ಅದರ ಮಾದರಿಯನ್ನು ಮುಚ್ಚಿದ ಪಾತ್ರೆಯಲ್ಲಿ ಕರಗಿಸಿ, ಶೀತ ಆವಿ ವಿಧಾನದಲ್ಲಿ 253.7 ನ್ಯಾನೊಮೀಟರ್‌ನಲ್ಲಿ ಅಳೆಯಲಾಗುತ್ತದೆ. ದ್ರಾವಣದಲ್ಲಿ ಸತು ಮತ್ತು ಮ್ಯಾಂಗನೀಸ್ ವಿಪುಲವಾಗಿರುವುದು ಅಳತೆಗೆ ಅಡ್ಡಿಯಾಗಬಹುದು. ಆದುದರಿಂದ ತಿಳಿದ ಪ್ರಮಾಣದ ಲೋಹವನ್ನು ಸೇರಿಸಿ, ಅದು ಪೂರ್ಣವಾಗಿ ಮರಳಿ ದೊರೆಯುವುದೇ ಎಂದು ತಾಳೆ ನೋಡುವುದು ಅವಶ್ಯ.

ವರದಿಯನ್ನು ಓದುವಾಗ ಸಾಮಾನ್ಯವಾಗಿ ಒಂದು ತಪ್ಪು ಸಂಭವಿಸುತ್ತದೆ. ಉದಾಹರಣೆಗೆ, 1 ಗ್ರಾಂ ಸತುವಿನ ಡಬ್ಬಿಯನ್ನು ಕರಗಿಸಿ 100 ಮಿಲಿಲೀಟರ್ ಮಾಡಿದಾಗ ಕ್ಯಾಡ್ಮಿಯಂ ಲೀಟರಿಗೆ 0.80 ಮಿಲಿಗ್ರಾಂ ಕಂಡುಬಂದರೆ, ಡಬ್ಬಿಯಲ್ಲಿ ಕಿಲೋಗ್ರಾಂಗೆ 80 ಮಿಲಿಗ್ರಾಂ ಇದೆಯೆಂದಾಯಿತು. ಇದು ಮಿತಿಯ ನಾಲ್ಕು ಪಟ್ಟಿನಂತೆ ತೋರುತ್ತದೆ. ಆದರೆ ಮಿತಿ ಅನ್ವಯಿಸುವುದು ಇಡೀ ಸೆಲ್‌ಗೆ. ಡಬ್ಬಿ 4 ಗ್ರಾಂ, ಸೆಲ್ 18 ಗ್ರಾಂ ಇದ್ದು ಇತರ ಭಾಗಗಳಲ್ಲಿ ಕ್ಯಾಡ್ಮಿಯಂ ಇಲ್ಲದಿದ್ದಲ್ಲಿ ನಿಜವಾದ ಪ್ರಮಾಣ ಸುಮಾರು 17.8 ಮಿಲಿಗ್ರಾಂ, ಸೆಲ್ ಮಿತಿಯೊಳಗೇ ಇದೆ.

ಮಣ್ಣಿಗೆ ಎಷ್ಟು ಲೋಹ ಇಳಿಯಬಹುದೆಂಬುದು ಬೇರೆಯೇ ಪ್ರಶ್ನೆ. ಇದಕ್ಕಾಗಿ ಮಾದರಿಯನ್ನು ಅದರ 20 ಪಟ್ಟು ತೂಕದ ದುರ್ಬಲ ಅಸಿಟಿಕ್ ಆಮ್ಲದ ದ್ರಾವಣದಲ್ಲಿ ಸುಮಾರು 18 ಗಂಟೆ ತಿರುಗಿಸಿ, ದ್ರಾವಣಕ್ಕೆ ಇಳಿದ ಲೋಹವನ್ನು ಅಳೆಯಲಾಗುತ್ತದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲಿ ಇದರ ಮಿತಿ ಲೀಟರಿಗೆ ಸೀಸ 5, ಕ್ಯಾಡ್ಮಿಯಂ 1 ಮತ್ತು ಪಾದರಸ 0.2 ಮಿಲಿಗ್ರಾಂ.

ಸಾರ್ವಜನಿಕರು ಗಮನಿಸತಕ್ಕದ್ದು

ಯಾವುದೇ ಬ್ಯಾಟರಿಯನ್ನು ಮನೆಯಲ್ಲಿ ಒಡೆಯಬಾರದು. ಮೊಬೈಲ್‌ನ ಲಿಥಿಯಂ ಬ್ಯಾಟರಿ ಬೆಂಕಿ ಹಿಡಿಯಬಹುದು. ಬಚ್ಚಲ ಒಲೆಗೆ ಬ್ಯಾಟರಿ ಹಾಕುವ ರೂಢಿಯಿದ್ದಲ್ಲಿ ಕೂಡಲೇ ನಿಲ್ಲಿಸತಕ್ಕದ್ದು. ಪಾದರಸವು 357 ಡಿಗ್ರಿ, ಕ್ಯಾಡ್ಮಿಯಂ 765 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿದು ಆವಿಯಾಗುತ್ತವೆ, ಉಳಿದುದು ಬೂದಿಯಲ್ಲಿ ಸೇರುತ್ತದೆ. ಆ ಬೂದಿಯೇ ಬಸಳೆ ಚಪ್ಪರದ ಬುಡಕ್ಕೆ ಹೋಗುತ್ತದೆ.

ಬಳಸಿದ ಬ್ಯಾಟರಿಗಳನ್ನು ಇತರ ಕಸದಿಂದ ಬೇರೆಯಾಗಿಟ್ಟು ಉಡುಪಿ ನಗರಸಭೆ, ಕಾಪು ಅಥವಾ ಕಾರ್ಕಳ ಪುರಸಭೆ ಇಲ್ಲವೇ ಗ್ರಾಮ ಪಂಚಾಯತಿಯ ಕಸ ಸಂಗ್ರಹಕಾರರಿಗೆ ಪ್ರತ್ಯೇಕವಾಗಿ ನೀಡತಕ್ಕದ್ದು. ಇನ್ವರ್ಟರ್ ಬ್ಯಾಟರಿಯನ್ನು ಮಾರಾಟಗಾರರಿಗೆ ಹಿಂದಿರುಗಿಸಬಹುದು.

ಬಾವಿ ನೀರಿನ ಬಗ್ಗೆ ಸಂದೇಹವುಳ್ಳವರು ಪರೀಕ್ಷೆಗೆ ಅರ್ಜಿ ಸಲ್ಲಿಸುವಾಗ ಸೀಸ, ಕ್ಯಾಡ್ಮಿಯಂ, ಪಾದರಸ ಎಂದು ಹೆಸರಿಸಿಯೇ ಕೋರಬೇಕು. ಸಾಮಾನ್ಯ ನೀರಿನ ಪರೀಕ್ಷೆಯಲ್ಲಿ ಇವು ಸೇರಿರದೇ ಇರಬಹುದು. ಮಾದರಿ ಬಾಟಲಿಯನ್ನು ಪ್ರಯೋಗಾಲಯದಿಂದಲೇ ಪಡೆಯುವುದು ಒಳಿತು, ಏಕೆಂದರೆ ಅದನ್ನು ಆಮ್ಲದಿಂದ ತೊಳೆದಿರಬೇಕಾಗುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕದಂತೆ (2012) ಇವುಗಳ ಮಿತಿ ಲೀಟರಿಗೆ ಕ್ರಮವಾಗಿ 0.01, 0.003 ಮತ್ತು 0.001 ಮಿಲಿಗ್ರಾಂ. ಬ್ಯಾಟರಿ ತ್ಯಾಜ್ಯವನ್ನು ರಾಶಿ ಹಾಕಿರುವ ಅಥವಾ ಸುಡುತ್ತಿರುವ ದೂರುಗಳನ್ನು ಮಣಿಪಾಲದಲ್ಲಿರುವ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ, ಸ್ಥಳ ಹಾಗೂ ದಿನಾಂಕದ ವಿವರದೊಂದಿಗೆ ಲಿಖಿತವಾಗಿ ಸಲ್ಲಿಸಬಹುದು.