ಜಾಲದ ಕಾವಲುಗಾರನಿಗೆ ದೂರದ ಅಪ್ಪಣೆ

ಕಂಪ್ಯೂಟರ್ ಜಾಲದ ಭದ್ರತೆ ಎಂದೊಡನೆ ನಿಮಗೆ ನೆನಪಾಗುವುದು ಪಾಸ್‌ವರ್ಡ್ ಮತ್ತು ವೈರಸ್. ಇವೆರಡರ ಆಚೆಗೆ ಇನ್ನೊಂದು ಕೆಲಸವಿದೆ. ಕಳ್ಳ ಬರುವುದಕ್ಕೆ ಮೊದಲೇ ಮನೆಯವರು ಎದ್ದು, ತಮ್ಮ ಮನೆಯ ಕದಗಳನ್ನು ಒಂದೊಂದಾಗಿ ತಳ್ಳಿ ನೋಡುವಂಥ ಕೆಲಸ ಅದು. ಇದನ್ನು ಮಾಡುವ ತಂತ್ರಾಂಶಕ್ಕೆ ಸ್ಕ್ಯಾನರ್ ಎನ್ನುತ್ತಾರೆ. ಕದ ತಳ್ಳುವುದು ಯಾರು, ತಳ್ಳು ಎಂದು ಅಪ್ಪಣೆ ಕೊಡುವುದು ಯಾರು, ಎಲ್ಲಿಂದ? ಸ್ಕ್ಯಾನರಿನ ಇತಿಹಾಸವೆಲ್ಲ ಈ ಪ್ರಶ್ನೆಯ ಸುತ್ತ ಬೆಳೆದಿದೆ.

ಕದಗಳು ಎಷ್ಟು ಎಂಬುದನ್ನು ಮೊದಲು ಲೆಕ್ಕ ಹಾಕಿ. ಜಾಲದ ಭಾಷೆಯಲ್ಲಿ ಇವಕ್ಕೆ ಪೋರ್ಟ್ ಎಂದು ಹೆಸರು. ಟಿಸಿಪಿ ನಿಯಮದಂತೆ ಒಂದು ಕಂಪ್ಯೂಟರಿಗೆ 65,535 ಪೋರ್ಟ್‌ಗಳಿರಬಹುದು. 25ನೆಯದು ಮಿಂಚಂಚೆಗೆ, 80ನೆಯದು ವೆಬ್‌ಗೆ, ಹೀಗೆ. ನಿಮ್ಮ ಕಾಲೇಜಿನಲ್ಲಿ 200 ಕಂಪ್ಯೂಟರುಗಳಿದ್ದರೆ ಒಟ್ಟು ಕದಗಳು 1 ಕೋಟಿ 31 ಲಕ್ಷಕ್ಕೂ ಹೆಚ್ಚು. ಇದು ಮನುಷ್ಯನ ಕೈಯಿಂದ ಆಗುವ ಕೆಲಸವಲ್ಲ.

ಈ ಅರಿವು ಮೂಡಿದ್ದು ಪೆಟ್ಟು ತಿಂದ ಮೇಲೆ. 1988ರ ನವೆಂಬರ್ 2ರಂದು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಬರ್ಟ್ ಮಾರಿಸ್ ಬಿಟ್ಟ ಒಂದು ಪುಟ್ಟ ತಂತ್ರಾಂಶ ಜಾಲದಲ್ಲಿ ತಾನಾಗಿ ಹರಡುತ್ತ ಹೋಯಿತು. ಸುಮಾರು 6,000 ಯಂತ್ರಗಳು ಅದಕ್ಕೆ ತುತ್ತಾದವು ಎಂದು ಅಂದಾಜು. ಅಂಚೆ ತಂತ್ರಾಂಶದ ಒಂದು ಲೋಪ, ಸುಲಭವಾಗಿ ಊಹಿಸಬಹುದಾದ ಪಾಸ್‌ವರ್ಡ್‌ಗಳು, ಇಂಥವೇ ಅದು ಹಿಡಿದ ದಾರಿಗಳು. ಮೊದಲೇ ಹುಡುಕಿದ್ದರೆ ಇವುಗಳಲ್ಲಿ ಕೆಲವಾದರೂ ಸಿಗುತ್ತಿದ್ದವು.

ಹಾಗೆ ಹುಡುಕಲು ಮುಂದಾದವರಲ್ಲಿ ಇಬ್ಬರನ್ನು ನೆನೆಯಬೇಕು. ಅಮೆರಿಕದ ಡಾನ್ ಫಾರ್ಮರ್ ಮತ್ತು ಹಾಲೆಂಡಿನ ವೀಟ್ಸೆ ವೆನೆಮಾ. ನಿಮ್ಮ ಜಾಲವನ್ನು ನೀವೇ ಭೇದಿಸಿ ನೋಡಿ ಎಂದು 1993ರಲ್ಲಿ ಇವರು ಒಂದು ಪ್ರಬಂಧ ಬರೆದರು. 1995ರ ಏಪ್ರಿಲ್ 5ರಂದು ಅದಕ್ಕೆ ತಕ್ಕ ಸಾಧನವನ್ನೂ ಬಿಡುಗಡೆ ಮಾಡಿದರು. ಅದರ ಹೆಸರಿನ ಇಂಗ್ಲಿಷ್ ಮೊದಲಕ್ಷರಗಳನ್ನು ಜೋಡಿಸಿದರೆ 'ಸೇಟನ್', ಅಂದರೆ ಸೈತಾನ. ಕಳ್ಳರ ಕೈಗೆ ಕೀಲಿಗೊಂಚಲು ಕೊಟ್ಟಂತಾಯಿತು ಎಂದು ಗದ್ದಲವೆದ್ದಿತು. ಹೆಸರು ಕೇಳಿ ಹೆದರುವವರಿಗಾಗಿ ಅದರೊಳಗೇ ಒಂದು ಸಣ್ಣ ಆಜ್ಞೆ ಇಟ್ಟಿದ್ದರು. ಅದನ್ನು ಕೊಟ್ಟರೆ 'ಸೇಟನ್' ಹೋಗಿ 'ಸಾಂಟಾ' ಆಗುತ್ತಿತ್ತು!

ಆದರೆ ಸೇಟನ್ ಓಡುವ ಯಂತ್ರದ ಮುಂದೆಯೇ ಕುಳಿತು, ಅಲ್ಲಿನ ಬ್ರೌಸರ್‌ನಲ್ಲೇ ಫಲಿತಾಂಶ ನೋಡುವುದು ಸಾಮಾನ್ಯ ಕ್ರಮವಾಗಿತ್ತು. ಕಾವಲುಗಾರನೂ ಯಜಮಾನನೂ ಒಂದೇ ಕೋಣೆಯಲ್ಲಿದ್ದಂತೆ.

ಇವರಿಬ್ಬರನ್ನು ಬೇರೆ ಮಾಡಿದ್ದು 1998ರಲ್ಲಿ ಬಂದ 'ನೆಸ್ಸಸ್'. ಬರೆದವನು ರೆನೋ ಡೆರೈಸನ್ ಎಂಬ ಫ್ರಾನ್ಸಿನ ಹುಡುಗ. ಆಗ ಅವನಿಗೆ 17 ವರ್ಷ. ನಿಮ್ಮಲ್ಲಿ ಹಲವರ ವಯಸ್ಸು. ಅವನು ಸಾಧನವನ್ನು ಎರಡು ಭಾಗ ಮಾಡಿದ. ಕದ ತಳ್ಳುವ ಭಾಗ ಒಂದು ಯಂತ್ರದಲ್ಲಿ ಸದಾ ಎಚ್ಚರವಾಗಿದ್ದು, 1241ನೆಯ ಪೋರ್ಟ್‌ನಲ್ಲಿ ಅಪ್ಪಣೆಗೆ ಕಾಯುತ್ತಿತ್ತು. ಅಪ್ಪಣೆ ಕೊಡುವ ಭಾಗ ಬೇರೆ ಊರಿನಲ್ಲಿದ್ದರೂ ನಡೆಯುತ್ತಿತ್ತು.

ಹೀಗೇಕೆ ಎಂದು ನೀವು ಕೇಳಬಹುದು. ಹೊರಗಿನ ಬೀದಿಯಲ್ಲಿ ನಿಂತು ನೋಡಿದರೆ ಹೆಬ್ಬಾಗಿಲು ಮಾತ್ರ ಕಾಣುತ್ತದೆ. ಒಳಮನೆಯ ಕದಗಳನ್ನು ನೋಡಬೇಕಾದರೆ ಕಾವಲುಗಾರ ಒಳಗೇ ಇರಬೇಕು. ಹತ್ತು ಊರುಗಳಲ್ಲಿ ಶಾಖೆಗಳಿರುವ ಸಂಸ್ಥೆ ಹತ್ತು ಕಡೆಯೂ ಒಬ್ಬೊಬ್ಬ ತಜ್ಞನನ್ನು ಕೂರಿಸಲಾರದು. ಹತ್ತು ಸ್ಕ್ಯಾನರುಗಳನ್ನು ಇಟ್ಟು, ಒಂದೇ ಕಡೆಯಿಂದ ನಡೆಸಬಹುದು. ಯಾರು ಯಾವ ಯಂತ್ರಗಳನ್ನು ಮಾತ್ರ ಪರೀಕ್ಷಿಸಬಹುದು ಎಂಬ ಕಟ್ಟುಪಾಡನ್ನೂ ಡೆರೈಸನ್ ಸ್ಕ್ಯಾನರಿನ ಬಳಿಯೇ ಬರೆದಿಡಿಸಿದ. ಇದು ಬಹಳ ವಿವೇಕದ ಏರ್ಪಾಡು.

ಅಪ್ಪಣೆ ಕೊಡಲು ಚಿತ್ರಗಳೂ ಗುಂಡಿಗಳೂ ಇರುವ ಪರದೆ ಇತ್ತು. ಅದರ ಜೊತೆಗೆ ಒಂದೇ ಸಾಲಿನ ದಾರಿಯೂ ಇತ್ತು. ನೆಸ್ಸಸ್ ಎಂದು ಬರೆದು, ಮುಂದೆ ಸ್ಕ್ಯಾನರಿನ ವಿಳಾಸ, ಪೋರ್ಟ್, ಬಳಕೆದಾರನ ಹೆಸರು, ಪಾಸ್‌ವರ್ಡ್, ಪರೀಕ್ಷಿಸಬೇಕಾದ ಯಂತ್ರಗಳ ಪಟ್ಟಿ, ಫಲಿತಾಂಶ ಬರೆಯಬೇಕಾದ ಕಡತ, ಇಷ್ಟನ್ನು ಕೊಟ್ಟರೆ ಸಾಕು. ಇದನ್ನೇ ಕಮಾಂಡ್ ಲೈನ್ ಎನ್ನುವುದು. ನೋಡಲು ಬರಡು. ಆದರೆ ಗುಂಡಿ ಒತ್ತಲು ಮನುಷ್ಯ ಬೇಕು, ಸಾಲನ್ನು ಯಂತ್ರವೇ ಓದಬಲ್ಲದು. ಪ್ರತಿ ರಾತ್ರಿ 2 ಗಂಟೆಗೆ ಈ ಸಾಲನ್ನು ನಡೆಸು ಎಂದು ಯೂನಿಕ್ಸ್ ಯಂತ್ರಕ್ಕೆ ಒಮ್ಮೆ ಹೇಳಿಟ್ಟರೆ ಮುಗಿಯಿತು. ಅಪರೂಪಕ್ಕೊಮ್ಮೆ ಆಗುತ್ತಿದ್ದ ತಪಾಸಣೆ ದಿನಚರಿಯಾಯಿತು.

ಒಂದು ಕೊರತೆ ಮಾತ್ರ ಗಮನಿಸಿ. ಪಾಸ್‌ವರ್ಡ್ ಆ ಸಾಲಿನಲ್ಲೇ ಇತ್ತಲ್ಲ! ಅದೇ ಯಂತ್ರವನ್ನು ಬಳಸುವ ಇನ್ನೊಬ್ಬರು, ಈಗ ಏನೇನು ಓಡುತ್ತಿದೆ ಎಂದು ಯಂತ್ರವನ್ನು ಕೇಳಿದರೆ ಇಡೀ ಸಾಲೇ ಕಣ್ಣಿಗೆ ಬೀಳುವ ಅಪಾಯವಿತ್ತು. ಸ್ಕ್ಯಾನರಿನ ವರದಿ ಎಂದರೆ ಮನೆಯ ಯಾವ ಯಾವ ಕದ ಸಡಿಲ ಎಂಬ ಪಟ್ಟಿ. ಸ್ಕ್ಯಾನರಿಗೆ ಅಪ್ಪಣೆ ಕೊಡುವ ಅಧಿಕಾರ ಕಳ್ಳನ ಕೈ ಸೇರಿದರೆ ಅವನ ಕೆಲಸವನ್ನು ಕಾವಲುಗಾರನೇ ಮಾಡಿಕೊಟ್ಟಂತೆ.

2005ರಲ್ಲಿ ಕಥೆ ತಿರುವು ಪಡೆಯಿತು. ಅಲ್ಲಿಯವರೆಗೆ ನೆಸ್ಸಸ್‌ನ ಮೂಲ ಬರಹ ಎಲ್ಲರಿಗೂ ಮುಕ್ತವಾಗಿತ್ತು. ಡೆರೈಸನ್ ಸೇರಿ 2002ರಲ್ಲಿ ಸ್ಥಾಪಿಸಿದ್ದ ಟೆನಬಲ್ ಸಂಸ್ಥೆ, ಮೂರನೆಯ ಆವೃತ್ತಿಯಿಂದ ಅದನ್ನು ಮುಚ್ಚುವುದಾಗಿ ಸಾರಿತು. ಬಳಸುವವರು ಬಹಳ, ಸುಧಾರಿಸಲು ಕೈಜೋಡಿಸುವವರು ಇಲ್ಲ, ಪ್ರತಿಸ್ಪರ್ಧಿಗಳು ಅದನ್ನೇ ಮಾರುತ್ತಾರೆ ಎಂಬುದು ಅವರ ದೂರು. ದೂರಿನಲ್ಲಿ ಹುರುಳಿಲ್ಲದಿರಲಿಲ್ಲ. ಆದರೆ ಹಳೆಯ ಆವೃತ್ತಿ ಮುಕ್ತವಾಗಿಯೇ ಉಳಿದಿತ್ತು. ಅದನ್ನು ಹಿಡಿದು ಬೇರೆಯವರು 'ಓಪನ್‌ವಾಸ್' ಎಂಬ ಕವಲನ್ನು ಬೆಳೆಸಿದರು. 2008ರಲ್ಲಿ ಜರ್ಮನಿಯ ಓಸ್ನಾಬ್ರುಕ್‌ನಲ್ಲಿ ಆರಂಭವಾದ ಗ್ರೀನ್‌ಬೋನ್ ಸಂಸ್ಥೆ ಅದಕ್ಕೆ ಆಸರೆಯಾಯಿತು.

ಈ ಕವಲಿನಲ್ಲಿ ಅಪ್ಪಣೆಯ ವಿಷಯ ಇನ್ನೂ ಮುಂದೆ ಹೋಯಿತು. ಸ್ಕ್ಯಾನರಿಗೂ ಬಳಕೆದಾರನಿಗೂ ನಡುವೆ ಒಬ್ಬ ಪಾರುಪತ್ಯಗಾರನನ್ನು, ಅಂದರೆ ಮ್ಯಾನೇಜರ್ ಎಂಬ ತಂತ್ರಾಂಶವನ್ನು, ಇರಿಸಿದರು. ಫಲಿತಾಂಶಗಳು ಅದರ ಉಗ್ರಾಣದಲ್ಲೇ ಉಳಿಯುತ್ತವೆ. ಆದ್ದರಿಂದ ಅಪ್ಪಣೆ ಕೊಟ್ಟವರು ಸಂಪರ್ಕ ಕಡಿದುಕೊಂಡು ಹೋಗಿ, ಮಾರನೆಯ ದಿನ ಬಂದು ವರದಿ ಕೇಳಬಹುದು. ಅದರೊಡನೆ ಮಾತಾಡಲು ಓಎಂಪಿ ಎಂಬ ನಿಯಮವನ್ನು ಎಕ್ಸ್‌ಎಂಎಲ್ ರೂಪದಲ್ಲಿ ರಚಿಸಿದರು. ಗುರಿ ಸೃಷ್ಟಿಸು, ಕೆಲಸ ಸೃಷ್ಟಿಸು, ಕೆಲಸ ಆರಂಭಿಸು, ವರದಿ ಕೊಡು: ಮುಖ್ಯವಾದ ಆಜ್ಞೆಗಳು ಈ ನಾಲ್ಕು. ಕಮಾಂಡ್ ಲೈನ್‌ನಿಂದ ಇವನ್ನು ಕಳುಹಿಸುವ ಸಾಧನಕ್ಕೂ ಓಎಂಪಿ ಎಂದೇ ಹೆಸರು. 2017ರಿಂದ ಹೆಸರುಗಳು ಬದಲಾದವು: ನಿಯಮ ಜಿಎಂಪಿ ಆಯಿತು, ಹಳೆಯ ಸಾಧನದ ಜಾಗಕ್ಕೆ ಪೈಥಾನ್ ಭಾಷೆಯಲ್ಲಿ ಬರೆದ 'ಜಿವಿಎಂ-ಟೂಲ್ಸ್' ಬಂದಿತು. ಇದರಲ್ಲಿ ಒಂದೊಂದೇ ಆಜ್ಞೆ ಕಳುಹಿಸುವ ಜಿವಿಎಂ-ಸಿಎಲ್‌ಐ ಇದೆ. ನೂರಾರು ಆಜ್ಞೆಗಳನ್ನು ಪೋಣಿಸಿ ಬರೆಯುವವರಿಗೆ ಜಿವಿಎಂ-ಸ್ಕ್ರಿಪ್ಟ್ ಇದೆ.

ಹಳೆಯ ಕೊರತೆಗೂ ಇಲ್ಲಿ ಉತ್ತರ ಹುಡುಕಿದ್ದಾರೆ. ಪಾಸ್‌ವರ್ಡ್ ಅನ್ನು ಸಾಲಿನಲ್ಲಿ ಬರೆಯದೆ ಬೇರೆ ಕಡತದಲ್ಲಿ ಇಡಬಹುದು. ದೂರದಿಂದಾದರೆ ಎಸ್‌ಎಸ್‌ಎಚ್ ಅಥವಾ ಟಿಎಲ್‌ಎಸ್ ಎಂಬ ಗೂಢಲಿಪಿಯ ದಾರಿ. ಅದೇ ಯಂತ್ರದಲ್ಲಾದರೆ ಜಾಲವನ್ನೇ ಮುಟ್ಟದ ಒಳದಾರಿ. ಯಂತ್ರದ ಸರ್ವಾಧಿಕಾರಿಯಾದ 'ರೂಟ್' ಹೆಸರಿನಲ್ಲಿ ಕರೆದರೆ ಜಿವಿಎಂ-ಸಿಎಲ್‌ಐ ಓಡಲು ಒಪ್ಪುವುದೇ ಇಲ್ಲ.

ಇದು ಮುಕ್ತ ತಂತ್ರಾಂಶ. ನೀವೂ ಪಡೆದು ನೋಡಬಹುದು. ಆದರೆ ನಿಮ್ಮದೇ ಯಂತ್ರದ ಮೇಲೆ, ಇಲ್ಲವೇ ಒಡೆಯರ ಒಪ್ಪಿಗೆ ಪಡೆದ ಯಂತ್ರದ ಮೇಲೆ ಮಾತ್ರ. ಒಡೆಯರ ಅನುಮತಿಯಿಲ್ಲದೆ ಅವರ ಕಂಪ್ಯೂಟರ್ ಅಥವಾ ಜಾಲವನ್ನು ಪ್ರವೇಶಿಸುವುದನ್ನು ನಮ್ಮ ದೇಶದ 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 43ನೆಯ ಪ್ರಕರಣ ತಡೆಯುತ್ತದೆ. ಮೊದಲು ಕಳುಹಿಸಲು ತಕ್ಕ ಆಜ್ಞೆ 'ಗೆಟ್ ವರ್ಷನ್'. ನಿನ್ನ ನಿಯಮದ ಆವೃತ್ತಿ ಯಾವುದು ಎಂಬ ಈ ಪ್ರಶ್ನೆಗೆ, ನೀವು ಯಾರೆಂದು ಹೇಳುವ ಮೊದಲೇ ಮ್ಯಾನೇಜರ್ ಉತ್ತರ ಕೊಡುತ್ತದೆ. ಮುಂದಿನ ಪ್ರಶ್ನೆಗೆ ಪಾಸ್‌ವರ್ಡ್ ಬೇಕು.