ಸೇಡಂ, ವಾಡಿ, ಗಾಡಿ

'ಕ್ಯಾಟ್'ಗೆ ಪ್ರಾಸ ಯಾವುದು ಅಂತ ಬೆಂಗಳೂರಿನ ನಾಲ್ಕು ವರ್ಷದ ಮಗುವನ್ನು ಕೇಳಿ ನೋಡಿ. ಹ್ಯಾಟ್, ಬ್ಯಾಟ್, ಮ್ಯಾಟ್ ಅಂತ ಒಂದೇ ಉಸಿರಿಗೆ ಹೇಳುತ್ತದೆ. ಕಟ್ಟಿದ ಫೀಸು ದಂಡ ಆಗಲಿಲ್ಲ ಅಂತ ನಮಗೂ ಸಮಾಧಾನ. ಈಗ ಅದೇ ಮಗುವಿಗೆ 'ಸೇಡಂ'ಗೆ ಪ್ರಾಸ ಯಾವುದು ಅಂತ ಕೇಳಿ. ಮಗು ಬಿಡಿ, ನಾವೇ ತಡವರಿಸ್ತೀವಿ. ಉತ್ತರ ಸೇಡಂ ಸ್ಟೇಷನ್ನಿನ ರೈಲು ಹಳಿ ಮೇಲೇ ಇದೆ: ವಾಡಿ. ಇನ್ನೊಂದು ಬೇಕಾ? ಗಾಡಿ.

ಕೊನೆ ಹೊಂದಲ್ಲವಲ್ಲ, ಇದೆಂಥ ಪ್ರಾಸ ಅಂತೀರಾ? ಕನ್ನಡದ ಹಳೇ ಪ್ರಾಸ ಪದದ ಬಾಲ ಹಿಡಿಯುವುದಿಲ್ಲ. ಎರಡನೇ ಅಕ್ಷರ ಹಿಡಿಯುತ್ತದೆ. ಸೇಡಂ, ವಾಡಿ, ಗಾಡಿ ಮೂರರಲ್ಲೂ ಮೊದಲ ಅಕ್ಷರ ದೀರ್ಘ, ಎರಡನೆಯದು ಡಕಾರ. ಡಕಾರದ ಮೇಲೆ ಯಾವ ಸ್ವರ ಬಂದರೂ ನಡೆಯುತ್ತದೆ. ಇದೇ ಆದಿಪ್ರಾಸ, ಅಂದರೆ ದ್ವಿತೀಯಾಕ್ಷರ ಪ್ರಾಸ. ನಮ್ಮ ಕಸುಬಿನ ಭಾಷೆಯಲ್ಲಿ ಹೇಳೋದಾದ್ರೆ, ಇಂಗ್ಲಿಷ್ ಪ್ರಾಸ ಸ್ಟ್ರಿಂಗನ್ನು ಕೊನೆಯಿಂದ ಹೋಲಿಸುತ್ತೆ, ಕನ್ನಡದ್ದು ಮುಂದಿನಿಂದ.

ಈ ಪ್ರಾಸದ ನಿಯಮಗಳು ಪುಸ್ತಕಕ್ಕೆ ಏರಿದ ಜಾಗವೂ ದೂರದ್ದಲ್ಲ. ವಾಡಿಯಿಂದ ಸಿಕಂದರಾಬಾದ್ ಕಡೆ ಹೊರಟರೆ ಚಿತ್ತಾಪುರ ದಾಟಿದ ಮೇಲೆ, ಸೇಡಂಗೆ ಮುಂಚೆ, ಮಳಖೇಡ ರೋಡ್ ಅಂತ ಸ್ಟೇಷನ್ ಸಿಗುತ್ತದೆ. ಕಾಗಿಣಾ ದಂಡೆಯ ಈ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಸುಮಾರು 850ರಲ್ಲಿ, ಅಮೋಘವರ್ಷ ನೃಪತುಂಗನ ಆಸ್ಥಾನದ ಶ್ರೀವಿಜಯ 'ಕವಿರಾಜಮಾರ್ಗ' ಬರೆದ. ನಮಗೆ ಸಿಕ್ಕಿರುವ ಕನ್ನಡದ ಮೊದಲ ಗ್ರಂಥ ಅದು. ಕಾವೇರಿಯಿಂದ ಗೋದಾವರಿವರೆಗಿನ ಕನ್ನಡ ನಾಡಿನ ಮಾತು ಎಲ್ಲರಿಗೂ ನೆನಪಿದೆ. ಅದೇ ಪುಸ್ತಕ ಪ್ರಾಸದ ವಿಚಾರವನ್ನೂ ವಿವರವಾಗಿ ಚರ್ಚಿಸುತ್ತದೆ ಅನ್ನೋದು ಅಷ್ಟಾಗಿ ನೆನಪಿಲ್ಲ. ಓದದೆಯೂ ಕಾವ್ಯ ಬಲ್ಲ ಜನ ಇವರು ಅಂತ ಹೊಗಳಿದ ಕವಿ, ಆ ಜಾಣರ ಸಾಲಿನಲ್ಲಿ ಚಿಕ್ಕ ಮಕ್ಕಳನ್ನೂ ಸೇರಿಸಿದ್ದಾನೆ.

ಇನ್ನೂ ಒಂದು ಸ್ವಾರಸ್ಯ ಇದೆ. ಅದೇ ಮಾನ್ಯಖೇಟದಲ್ಲಿ, ಸುಮಾರು ನೂರು ವರ್ಷದ ನಂತರ, ಮಂತ್ರಿ ಭರತನ ಆಶ್ರಯದಲ್ಲಿದ್ದ ಪುಷ್ಪದಂತ ಅಪಭ್ರಂಶ ಭಾಷೆಯಲ್ಲಿ 'ಮಹಾಪುರಾಣ' ಬರೆದ. 959ರಲ್ಲಿ ಶುರು, 965ರಲ್ಲಿ ಮುಗಿತಾಯ. ಅಪಭ್ರಂಶ ಕಾವ್ಯದ ಗುರುತೇ ಅಂತ್ಯಪ್ರಾಸ, ಅಂದರೆ ಸಾಲಿನ ಕೊನೆ ಹೊಂದಿಸುವುದು. ಉತ್ತರದ ದೋಹೆಗಳಿಗೆ ಬಂದದ್ದು ಈ ದಾರಿಯೇ. ನಮ್ಮ ರಗಳೆಗೂ ಆ ಛಂದಸ್ಸಿಗೂ ನಂಟಿದೆ ಎನ್ನುತ್ತಾರೆ ವಿದ್ವಾಂಸರು. ಅಂದರೆ ತಲೆಯ ಪ್ರಾಸ, ಬಾಲದ ಪ್ರಾಸ ಎರಡೂ ಒಂದೇ ಊರಲ್ಲಿ ಉಂಡು ಬೆಳೆದವು. 972ರಲ್ಲಿ ಪರಮಾರರ ದಾಳಿಗೆ ಊರು ಹಾಳಾಯಿತು, ಪ್ರಾಸ ಉಳಿಯಿತು.

ಅದಕ್ಕೊಂದು ಪಾಠಪುಸ್ತಕದ ರೂಪ ಕೊಟ್ಟವನು ಒಂದನೇ ನಾಗವರ್ಮ. ಸುಮಾರು 990ರ 'ಛಂದೋಂಬುಧಿ'ಯಲ್ಲಿ ಹೆಂಡತಿಗೆ ಹೇಳಿಕೊಡುವ ಹಾಗೆ ಆರು ಪ್ರಾಸಗಳನ್ನು ಹೇಳುತ್ತಾನೆ. ಆರಕ್ಕೂ ಪ್ರಾಣಿಗಳ ಹೆಸರು. ಮಕ್ಕಳಿಗೆ ಇದಕ್ಕಿಂತ ಇನ್ನೇನು ಬೇಕು? ನಮ್ಮೂರುಗಳ ಹೆಸರನ್ನೇ ಹಿಡಿದು ಆಡಿ ನೋಡೋಣ.

ಮೊದಲ ಅಕ್ಷರ ಹ್ರಸ್ವ ಇದ್ದರೆ ಸಿಂಹ: ಶಹಾಬಾದ, ಚಹಾ, ಬಹಳ. ದೀರ್ಘ ಇದ್ದರೆ ಆನೆ, ಅಂದರೆ ಗಜ: ವಾಡಿ, ಗಾಡಿ, ಸೇಡಂ. ಸೊನ್ನೆ ಬಂದರೆ ಎತ್ತು, ಅಂದರೆ ವೃಷಭ: ಚಿಂಚೋಳಿ, ಮಂಚ, ಕಂಚು. ಒತ್ತಕ್ಷರ ಅದೇ ಅಕ್ಷರದ್ದಾದರೆ ಕುದುರೆ, ಅಂದರೆ ಹಯ: ಚಿತ್ತಾಪುರ, ಹತ್ತಿ, ಮುತ್ತು. ಒತ್ತಕ್ಷರ ಬೇರೆಯಾದರೆ ಶರಭ: ಪುಸ್ತಕ, ರಸ್ತೆ, ಸುಸ್ತು. ವಿಸರ್ಗದ್ದು ಆಡು, ಅಂದರೆ ಅಜ. ದುಃಖದಂಥ ಪದಗಳು ಬೇಕಾಗುವುದರಿಂದ ಅದನ್ನು ದೊಡ್ಡವರಿಗೇ ಬಿಡೋಣ.

ಇದು ಬರೀ ಪಂಡಿತರ ಸೊತ್ತಾಗಿರಲಿಲ್ಲ. ಹೆಣ್ಣುಮಕ್ಕಳು ಬೀಸೋ ಕಲ್ಲಿನ ಮುಂದೆ ಹಾಡುವ ತ್ರಿಪದಿಯಲ್ಲೂ ಎರಡನೇ ಅಕ್ಷರ ಸಾಮಾನ್ಯವಾಗಿ ಹೊಂದುತ್ತದೆ. ಹಾಡಿದವರಲ್ಲಿ ಹೆಚ್ಚಿನವರು ಸಾಲಿ ಮೆಟ್ಟಿಲು ಹತ್ತಿದವರಲ್ಲ. 1948ರವರೆಗೆ ನಮ್ಮ ಕಡೆ ನಿಜಾಮರ ಆಳ್ವಿಕೆ, ಸರ್ಕಾರಿ ಸಾಲಿಯಲ್ಲಿ ಉರ್ದು. ಮೈಸೂರು ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ಅಷ್ಟೂ ದಿನ ಕನ್ನಡದ ಪ್ರಾಸ ಉಳಿದದ್ದು ಜೋಗುಳದಲ್ಲಿ, ಒಗಟಿನಲ್ಲಿ, ಮದುವೆ ಮನೆಯಲ್ಲಿ ಗಂಡನ ಹೆಸರು ಸೇರಿಸಿ ಹೇಳುವ ಒಡಪಿನಲ್ಲಿ. ಮಕ್ಕಳ ಕಿವಿ ತಯಾರಾದದ್ದು ಅಲ್ಲೇ.

ಹಾಗಾದರೆ ನಾವು ಮರೆತದ್ದು ಯಾವಾಗ? ಕಾವ್ಯದಲ್ಲಿ ಆದಿಪ್ರಾಸದ ಕಟ್ಟು ಸಡಿಲಿಸಿದವರು ಈಗಿನ ಕಾಸರಗೋಡು ಜಿಲ್ಲೆಯ ಮಂಜೇಶ್ವರದ ಗೋವಿಂದ ಪೈ, 1911ರಲ್ಲಿ. ಕವಿಗಳಿಗೆ ಅದು ಬಿಡುಗಡೆ. 1926ರಲ್ಲಿ ಬಿ.ಎಂ.ಶ್ರೀಯವರ 'ಇಂಗ್ಲಿಷ್ ಗೀತಗಳು' ಬಂತು, ಹೊಸ ಧಾಟಿ ಬಂತು. ಜಿ.ಪಿ. ರಾಜರತ್ನಂ ಅಂಥವರ ಶಿಶುಗೀತೆಗಳು ಸಾಲಿನ ಕೊನೆಯ ಪ್ರಾಸವನ್ನು ಮಕ್ಕಳ ನಾಲಿಗೆಗೆ ತಂದವು. ಒಳ್ಳೇದೇ ಆಯ್ತು. ಆದರೆ ಮಕ್ಕಳಿಗೆ ಪ್ರಾಸ ಅಂದರೆ ಕೊನೆಯದೊಂದೇ ಅಂತ ಆಗಿಹೋಯ್ತು.

ಅದರಿಂದ ನಷ್ಟ ಏನು? 1983ರಲ್ಲಿ ಆಕ್ಸ್‌ಫರ್ಡಿನ ಬ್ರಾಡ್ಲಿ ಮತ್ತು ಬ್ರಯಂಟ್ ಒಂದು ಅಧ್ಯಯನ ಪ್ರಕಟಿಸಿದರು. ನಾಲ್ಕೈದು ವರ್ಷದ ಮಕ್ಕಳಿಗೆ ಕೆಲವು ಪದ ಹೇಳಿ, ಸದ್ದಿನಲ್ಲಿ ಹೊಂದದ್ದು ಯಾವುದು ಅಂತ ಕೇಳಿದ್ದರು. ಸರಿಯಾಗಿ ಗುರುತಿಸಿದ ಮಕ್ಕಳು ಕೆಲವು ವರ್ಷದ ನಂತರ ಓದು, ಕಾಗುಣಿತದಲ್ಲೂ ಮುಂದಿದ್ದರು. ಅದು ಇಂಗ್ಲಿಷಿನ ಕಥೆ. ಕನ್ನಡದ ಓದಿನ ಬಗ್ಗೆ ಸೋನಾಲಿ ನಾಗ್ 2007ರಲ್ಲಿ ತೋರಿಸಿದ್ದು ಇಷ್ಟು: ನಮ್ಮ ಮಕ್ಕಳಿಗೆ ಇಡೀ ಅಕ್ಷರದ ಅರಿವು ಬೇಗ ಬರುತ್ತದೆ, ಅದರೊಳಗಿನ ಬಿಡಿ ಸದ್ದು ಒಡೆಯುವ ಅರಿವು ತಡವಾಗಿ. ಈಗ ನಮ್ಮ ಆಟ ನೋಡಿ. 'ಡಂ' ಮತ್ತು 'ಡಿ' ಒಂದೇ ಜಾತಿ ಅಂತ ಗೊತ್ತಾಗಬೇಕಾದರೆ ಮಗು ಸ್ವರ ಬದಿಗಿಟ್ಟು 'ಡ್' ಮಾತ್ರ ಕೇಳಬೇಕು. ತಡವಾಗಿ ಬರುವ ಕೆಲಸವನ್ನೇ ಎರಡನೇ ಅಕ್ಷರದ ಆಟ ಮಾಡಿಸುತ್ತದೆ ಅಂತ ನನ್ನ ಲೆಕ್ಕ.

ಇನ್ನೊಂದು ಮಾತು ನಮ್ಮ ಕಡೆಯವರಿಗೆ ಮುಖ್ಯ. ಬೆಂಗಳೂರಿನ 'ಮನೆ' ಸೇಡಂನಲ್ಲಿ 'ಮನಿ'. ಅಲ್ಲಿನ ಮಗು 'ಹನಿ'ಗೆ 'ಮನಿ' ಅಂತ ಪ್ರಾಸ ಕೂಡಿಸಿದರೆ, ಎಷ್ಟೋ ಕಡೆ "ಅದು ಮನೆ, ಸರಿಯಾಗಿ ಹೇಳು" ಅಂತ ತಿದ್ದುತ್ತಾರೆ. ಕೊನೆಯ ಪ್ರಾಸ ಒಂದನ್ನೇ ಹಿಡಿದರೆ 'ಹನಿ'ಗೆ 'ಮನೆ' ಹೊಂದುವುದಿಲ್ಲ, ಮಗು ತಪ್ಪು ಅನ್ನಿಸಿಕೊಳ್ಳುತ್ತದೆ. ಎರಡನೇ ಅಕ್ಷರ ಹಿಡಿದರೆ ಮನೆ, ಮನಿ, ಹನಿ, ತೆನೆ ಎಲ್ಲವೂ ಒಂದೇ ಬಳಗ. ಎಲ್ಲದರಲ್ಲೂ ನಕಾರ, ಎಲ್ಲವೂ ಸಿಂಹ. ಸಾವಿರ ವರ್ಷದ ಹಿಂದಿನ ನಿಯಮ ನಮ್ಮ ಮಗುವಿನ ಮನಿಮಾತಿಗೂ ಜಾಗ ಕೊಡುತ್ತೆ. ಈಗಿನ ತಿದ್ದುವವರು ಕೊಡಲ್ಲ.

ಮಾಡೋದು ಸುಲಭ. ಮೊದಲು ಬರೀ ಕೇಳಿಸಿ: ರೊಟ್ಟಿ, ಬುಟ್ಟಿ, ಗಾಡಿ, ಇದರಲ್ಲಿ ಯಾವುದು ಬಳಗದ್ದಲ್ಲ? ಅದು ಬಂದ ಮೇಲೆ ಒಂದು ಪದ ಕೊಟ್ಟು ಇನ್ನೊಂದು ಕೇಳಿ. ಕಾಲು ಅಂದರೆ ಹಾಲು ಅಂತ ಬಾಲ ಹಿಡಿಯಲಿ, ಮಾಲಿ ಅಂತ ಎರಡನೇ ಅಕ್ಷರವನ್ನೂ ಹಿಡಿಯಲಿ. ಅರ್ಥ ಇಲ್ಲದ ಪದ ಹುಟ್ಟಿಸಿದರೆ ತಡೀಬೇಡಿ, ಸದ್ದು ಹೊಂದಿದರೆ ಸಾಕು. ಬರವಣಿಗೆ ಆಮೇಲೆ. ಮಗು ತನ್ನ ಹೆಸರಿಗೆ ಪ್ರಾಸ ಕೇಳಿದರೆ ಮಾತ್ರ ನೀವು ತಯಾರಿರಬೇಕು, ಯಾಕಂದ್ರೆ ಮುಂದಿನ ಪ್ರಶ್ನೆ ನಿಮ್ಮ ಹೆಸರಿನದೇ.